ತ್ರಯೈಕ ದೇವರು ಮತ್ತು ಕೂಡಿ ಬಾಳುವ ಸಭೆ

ನಮ್ಮ ಕಾಸರಗೋಡಿನ ಕಡೆ ಕ್ರೈಸ್ತರ ಪ್ರಾರ್ಥನಾ ಮಂದಿರವನ್ನು ಇಗರ್ಜಿ ಎನ್ನುತ್ತೇವೆ. ಅಲ್ಲಿ ಸೇರುವ ಜನರಿಗೆ ಕನ್ನಡ ಪ್ರಾಟೆಸ್ಟಂಟರು ಹೇಳುವುದು ಸಭೆ. ಮಲಯಾಳದಲ್ಲೂ 'ಸಭ' ಎಂದೇ. ಎರಡರ ಹಿಂದೆಯೂ ಇರುವುದು ಗ್ರೀಕಿನ 'ಎಕ್ಲೇಸಿಯಾ' ಎಂಬ ಪದ. ಇಗರ್ಜಿ ಅದರಿಂದ ಪೋರ್ಚುಗೀಸಿನ ಮೂಲಕ ನಮಗೆ ಬಂತು, ಸಭೆ ಅದರ ಅರ್ಥವನ್ನು ಹೇಳುತ್ತದೆ. ಎಕ್ಲೇಸಿಯಾ ಎಂದರೆ ಕಟ್ಟಡವಲ್ಲ, ಕೂಡಿದ ಜನ.

ಈ ಜನ ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ಪ್ರಾರ್ಥಿಸುತ್ತಾರೆ. ದೇವರು ಒಬ್ಬನೇ ಎಂದ ಮೇಲೆ ಮೂವರು ಹೇಗೆ? ಈ ಪ್ರಶ್ನೆ 4ನೆಯ ಶತಮಾನದಲ್ಲಿ ರೋಮನ್ ಸಾಮ್ರಾಜ್ಯವನ್ನೇ ಅಲುಗಿಸಿತ್ತು.

ಈಜಿಪ್ಟಿನ ಅಲೆಕ್ಸಾಂಡ್ರಿಯದ ಪಾದ್ರಿ ಆರಿಯಸ್, ಮಗನು ತಂದೆಯಿಂದ ಸೃಷ್ಟಿಯಾದವನು, ಆದ್ದರಿಂದ ತಂದೆಗೆ ಸಮನಲ್ಲ ಎಂದು ಬೋಧಿಸಿದ. ಜಗಳ ಬೆಳೆದಾಗ ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ನೈಸಿಯಾದಲ್ಲಿ (ಇಂದಿನ ಟರ್ಕಿಯ ಇಜ್ನಿಕ್) ಬಿಷಪರನ್ನು ಸೇರಿಸಿದ. ಮಗನು ತಂದೆಯೊಂದಿಗೆ ಒಂದೇ ಸತ್ವದವನು ಎಂದು ಅಲ್ಲಿ ತೀರ್ಮಾನವಾಯಿತು. ಆದರೆ ಜಗಳ ನಿಲ್ಲಲಿಲ್ಲ. ಮುಂದೆ ಬಂದ ಚಕ್ರವರ್ತಿಗಳಲ್ಲಿ ಕೆಲವರು ಎದುರು ಪಕ್ಷವನ್ನು ಬೆಂಬಲಿಸಿದರು. ನೈಸಿಯಾದ ಪರ ನಿಂತ ಅಥನೇಸಿಯಸ್ ಐದು ಬಾರಿ ಗಡೀಪಾರಾದ. ಕಾನ್‌ಸ್ಟಾಂಟಿನೋಪಲಿನಲ್ಲಿ ರೊಟ್ಟಿಯ ಬೆಲೆ ಕೇಳಿದರೆ ಅಂಗಡಿಯವನು ತಂದೆ ದೊಡ್ಡವನೋ ಮಗ ದೊಡ್ಡವನೋ ಎಂದು ವಾದಕ್ಕಿಳಿಯುತ್ತಾನೆ ಎಂದು ನಿಸ್ಸಾದ ಗ್ರೆಗರಿ ತಮಾಷೆ ಮಾಡಿದ್ದಾನೆ.

ಈ ಗ್ರೆಗರಿ, ಅವನ ಅಣ್ಣ ಬೇಸಿಲ್, ಬೇಸಿಲನ ಅಥೆನ್ಸಿನ ಸಹಪಾಠಿ ನಾಜಿಯಾನ್ಸಸಿನ ಗ್ರೆಗರಿ, ಮೂವರೂ ಇಂದಿನ ಟರ್ಕಿಯ ನಡುಭಾಗದ ಕಪ್ಪಡೋಕಿಯದವರು. ಸತ್ವ ಒಂದು, ವ್ಯಕ್ತಿಗಳು ಮೂವರು, ಅವರಲ್ಲಿ ಮೇಲು ಕೀಳಿಲ್ಲ ಎಂದು ಸ್ಪಷ್ಟಪಡಿಸಿದವರು ಇವರು. ಬೇಸಿಲ್ ಪ್ರಾರ್ಥನೆಯಲ್ಲಿ ಮಗನ 'ಮೂಲಕ' ಎನ್ನುವುದರ ಜೊತೆಗೆ ಮಗನ 'ಜೊತೆಗೆ', ಪವಿತ್ರಾತ್ಮನ 'ಜೊತೆಗೆ' ತಂದೆಗೆ ಮಹಿಮೆ ಎಂದೂ ಹೇಳಿಸುತ್ತಿದ್ದ. ಇದು ಹೊಸತು ಎಂದು ಕೆಲವರು ಆಕ್ಷೇಪಿಸಿದಾಗ ಸುಮಾರು 375ರಲ್ಲಿ ಪವಿತ್ರಾತ್ಮನ ಕುರಿತು ಒಂದು ಗ್ರಂಥವನ್ನೇ ಬರೆದ. ವ್ಯಾಕರಣ ಕಲಿಸುವ ನಮಗೆ ಇದು ಕುತೂಹಲದ ಸಂಗತಿ. ಒಂದು ಪುಟ್ಟ ಪದದಲ್ಲಿ ಸಮಾನತೆ ಅಡಗಿತ್ತು.

ಇವರು ಬರೀ ವಾದ ಮಾಡಿದವರಲ್ಲ. ಬೇಸಿಲನ ಅಕ್ಕ ಮಕ್ರೀನ ಮನೆತನದ ಜಮೀನಿನಲ್ಲಿ ಒಂದು ಆಶ್ರಮ ಕಟ್ಟಿದಳು. ಅಲ್ಲಿ ಒಡತಿಯರಿಗೂ ಹಿಂದೆ ದಾಸಿಯರಾಗಿದ್ದವರಿಗೂ ಒಂದೇ ಊಟ, ಒಂದೇ ಬಗೆಯ ವಾಸ. ಬೇಸಿಲ್ ಈಜಿಪ್ಟ್, ಸಿರಿಯಗಳಲ್ಲಿ ಸುತ್ತಿ ಸನ್ಯಾಸಿಗಳನ್ನು ಕಂಡು ಬಂದಿದ್ದ. ಒಂಟಿಯಾಗಿ ತಪಸ್ಸು ಮಾಡುವವನಿಗಿಂತ ಕೂಡಿ ಬಾಳುವವರ ದಾರಿಯೇ ಮೇಲು ಎಂಬುದು ಅವನ ನಿಲುವು. ನೆರೆಯವರೇ ಇಲ್ಲದವನು ನೆರೆಯವರನ್ನು ಪ್ರೀತಿಸುವುದು ಹೇಗೆ? 369ರ ಸುಮಾರಿಗೆ ಬರ ಬಂದಾಗ ಅವನು ಧಾನ್ಯ ಬಚ್ಚಿಟ್ಟ ಶ್ರೀಮಂತರನ್ನು ಖಂಡಿಸಿ, ಹಸಿದವರಿಗೆ ಊಟದ ವ್ಯವಸ್ಥೆ ಮಾಡಿದ. 370ರಲ್ಲಿ ಸಿಸೇರಿಯದ (ಇಂದಿನ ಕೈಸೇರಿ) ಬಿಷಪನಾದ ಮೇಲೆ ಊರ ಹೊರಗೆ ಬಡವರು, ರೋಗಿಗಳು, ದಾರಿಹೋಕರಿಗಾಗಿ ದೊಡ್ಡ ಆಸರೆಯ ತಾಣ ಕಟ್ಟಿಸಿದ. ಎಲ್ಲರೂ ದೂರವಿಟ್ಟ ಕುಷ್ಠರೋಗಿಗಳಿಗೂ ಅಲ್ಲಿ ಜಾಗವಿತ್ತು.

381ರಲ್ಲಿ ಕಾನ್‌ಸ್ಟಾಂಟಿನೋಪಲಿನ ಸಭೆ ನೈಸಿಯಾದ ನಂಬಿಕೆಯನ್ನು ಎತ್ತಿಹಿಡಿಯಿತು. ಬೇಸಿಲ್ ಅಷ್ಟರಲ್ಲಿ ತೀರಿಕೊಂಡಿದ್ದ. ಇಂದು ಹಲವು ಸಭೆಗಳು ಹೇಳುವ ವಿಶ್ವಾಸ ಪ್ರಮಾಣದ ಮೂಲ ಈ ಸಭೆಗೆ ಸೇರಿದ್ದು.

ಗ್ರೀಕ್ ಧರ್ಮಶಾಸ್ತ್ರಜ್ಞ ಜಾನ್ ಜಿಜಿಯುಲಸ್ 1985ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ದೇವರ ಇರವೇ ಸಹಬಾಳ್ವೆ, ಸಭೆ ಅದರ ಪ್ರತಿರೂಪ ಎಂದು ಈ ಕಪ್ಪಡೋಕಿಯದವರನ್ನು ಆಧರಿಸಿ ವಾದಿಸಿದರು. ಇದು ಇಂದಿನ ವಿಚಾರವನ್ನು ಹಳಬರ ಬಾಯಲ್ಲಿ ಹೇಳಿಸಿದಂತೆ ಎನ್ನುವ ವಿದ್ವಾಂಸರೂ ಇದ್ದಾರೆ. ಆ ಆಕ್ಷೇಪದಲ್ಲಿ ಹುರುಳಿದೆ. ಬೇಸಿಲ್ ಕೂಡುಬಾಳಿಗೆ ಕೊಟ್ಟ ಕಾರಣ ನೆರೆಯವರನ್ನು ಪ್ರೀತಿಸು ಎಂಬ ಆಜ್ಞೆಯೇ ಹೊರತು ತ್ರಯೈಕ ತತ್ವವಲ್ಲ. ಆದರೂ ದೇವರಲ್ಲಿ ಮೇಲು ಕೀಳಿಲ್ಲ ಎಂದು ಬರೆದ ಕೈಯೇ ಕುಷ್ಠರೋಗಿಗೆ ಮನೆ ಕಟ್ಟಿಸಿತು ಎಂಬುದು ಚರಿತ್ರೆ.

2025ಕ್ಕೆ ನೈಸಿಯಾ ಸಭೆಗೆ 1700 ವರ್ಷ ತುಂಬಿತು. ಯಾವ ಧರ್ಮದವರೇ ಆಗಲಿ, ಒಂದು ತತ್ವವನ್ನು ಅಳೆಯುವಾಗ ಅದನ್ನು ನಂಬಿದವರು ಯಾರ ಜೊತೆ ಕೂತು ಉಂಡರು ಎಂಬುದನ್ನೂ ನೋಡಬೇಕು ಎಂದು ನಮಗೆ ತೋರುತ್ತದೆ.