ಪದವರ್ಗಗಳ ಕಲಿಕೆ (ರಾಯಚೂರು ಸೀಮೆ)
ಇಂಗ್ಲಿಷ್ ಪದಗಳನ್ನು ವಾಕ್ಯದಲ್ಲಿ ಅವು ಮಾಡುವ ಕೆಲಸಕ್ಕೆ ತಕ್ಕಂತೆ ನಾಮಪದ, ಸರ್ವನಾಮ, ಕ್ರಿಯಾಪದ ಮುಂತಾಗಿ ಎಂಟು ಗುಂಪು ಮಾಡುವುದು ಶಾಲಾ ವ್ಯಾಕರಣದ ರೂಢಿ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರಿಗೆ ಉರ್ದು ವ್ಯಾಕರಣದ ಇಸ್ಮ್ (ನಾಮ), ಫೇಲ್ (ಕ್ರಿಯೆ), ಹರ್ಫ್ (ಅವ್ಯಯ) ಎಂಬ ಮೂರೇ ವರ್ಗಗಳ ಪರಿಚಯವೂ ಇತ್ತು.

ಇಂಗ್ಲಿಷಿನ ಎಂಟು ಗುಂಪುಗಳಲ್ಲಿ ಕನ್ನಡ ಮಕ್ಕಳು ಎಡವುವುದು ಪ್ರಿಪೊಸಿಷನ್‌ನಲ್ಲಿ. ‘ದೇವದುರ್ಗದಿಂದ ಮಾನ್ವಿಗೆ’ ಎಂಬಲ್ಲಿ ‘ಇಂದ’, ‘ಗೆ’ ಪ್ರತ್ಯಯಗಳು ಊರ ಹೆಸರಿನ ಬೆನ್ನಿಗೆ ಅಂಟುತ್ತವೆ. ಇಂಗ್ಲಿಷಿನ ‘ಫ್ರಂ’, ‘ಟು’ ಹೆಸರಿನ ಮುಂದೆ ಬಿಡಿಯಾಗಿ ನಿಲ್ಲುತ್ತವೆ. ಇನ್ನೊಂದು ತೊಡಕು, ಒಂದೇ ಪದದ ಎರಡು ವೇಷ: ಕಾಲುವೆಯ ‘ವಾಟರ್’ ನಾಮಪದ, ಭತ್ತದ ಗದ್ದೆಗೆ ನೀರು ಹಾಯಿಸುವ ‘ವಾಟರ್’ ಕ್ರಿಯಾಪದ. ಪಟ್ಟಿ ಬಾಯಿಪಾಠ ಮಾಡಿದವರಿಗೆ ಇದು ಹೊಳೆಯದು. ವಾಕ್ಯದಲ್ಲಿ ಪದ ಎಲ್ಲಿ ಕೂತಿದೆಯೆಂದು ನೋಡಬೇಕು.