ಹುಂಡಿಯಿಂದ ಪೇಮೆಂಟ್ ಗೇಟ್‌ವೇವರೆಗೆ: ನಡುವೆ ನಿಂತವನ ಹೊಣೆ

ಊರಿಂದೂರಿಗೆ ನಡೆಯುವ ವ್ಯಾಪಾರದಲ್ಲಿ ಕೊಳ್ಳುವವನ ಕೈಯಿಂದ ಹೊರಟ ಹಣವು ಮಾರುವವನ ಕೈ ಸೇರುವ ಮುನ್ನ ಕೆಲವು ಕಾಲ ಮೂರನೆಯವನೊಬ್ಬನ ವಶದಲ್ಲಿರುತ್ತದೆ. ಆ ಅವಧಿಯಲ್ಲಿ ಅದು ಕೊಟ್ಟವನದೂ ಅಲ್ಲ, ಪಡೆಯಬೇಕಾದವನ ಕೈಯಲ್ಲೂ ಇಲ್ಲ. ಇಟ್ಟುಕೊಂಡವನ ಪ್ರಾಮಾಣಿಕತೆಯೇ ಅದಕ್ಕೆ ರಕ್ಷೆ. ಉಪ್ಪಿನಕಾಯಿ ಮಾಡುವ ಗೃಹೋದ್ಯಮಿ, ಕೈಮಗ್ಗದ ಸೀರೆ ಮಾರುವವರು, ಪುಸ್ತಕ ಪ್ರಕಾಶಕರು ಇಂದು ಅಂತರಜಾಲದಲ್ಲಿ ಅಂಗಡಿ ತೆರೆದೊಡನೆ ಇಂಥ ಮೂರನೆಯವನನ್ನು ಆರಿಸಿಕೊಳ್ಳಲೇಬೇಕಾಗುತ್ತದೆ. ‘ಪೇಮೆಂಟ್ ಗೇಟ್‌ವೇ’ ಎಂಬುದು ಅವನ ಈಗಿನ ಹೆಸರು. ಆಯ್ಕೆಯ ವೇಳೆ ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ‘ಶೇಕಡಾ ಎಷ್ಟು?’ ಎಂಬುದು. ಈ ದೇಶದ ಲೇವಾದೇವಿಯ ಇತಿಹಾಸವನ್ನು ನೋಡಿದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ ಎಂಬುದು ತಿಳಿಯುತ್ತದೆ.

ಹುಂಡಿ ಎಂದೊಡನೆ ಕನ್ನಡಿಗರಿಗೆ ದೇವಾಲಯದ ಕಾಣಿಕೆ ಪೆಟ್ಟಿಗೆ ನೆನಪಾಗುತ್ತದೆ. ವರ್ತಕರ ಭಾಷೆಯಲ್ಲಿ ಮಾತ್ರ ಅದು ಹಣಸಂದಾಯದ ಆಜ್ಞಾಪತ್ರ. ಒಂದು ಊರಿನ ಸಾಹುಕಾರನು ಹಣ ಪಡೆದು, ಬೇರೊಂದು ಊರಿನಲ್ಲಿರುವ ತನ್ನ ಅಂಗಡಿಗೆ ಇಲ್ಲವೇ ಪರಿಚಿತ ವರ್ತಕನಿಗೆ ‘ಇಂತಿಷ್ಟು ಕೊಡತಕ್ಕದ್ದು’ ಎಂದು ಬರೆದುಕೊಡುತ್ತಿದ್ದನು. ತೋರಿಸಿದೊಡನೆ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ. ಗೊತ್ತುಪಡಿಸಿದ ದಿನಗಳ ನಂತರ ಕೊಡಬೇಕಾದದ್ದು ಮುದ್ದತಿ ಹುಂಡಿ. ಇದಕ್ಕೆ ಪಡೆಯುತ್ತಿದ್ದ ಶುಲ್ಕವೇ ಹುಂಡಾವಣ. ಹಣದ ಥೈಲಿ ಹೊತ್ತು ಕಳ್ಳಕಾಕರ ದಾರಿಯಲ್ಲಿ ನಡೆಯುವ ಭಯವನ್ನು ಒಂದು ತುಂಡು ಕಾಗದ ನೀಗಿಸಿತು.

ಆದರೆ ಹುಂಡಿಯ ನಿಜವಾದ ಬಲವಿದ್ದುದು ಕಾಗದದಲ್ಲಲ್ಲ, ಅದರ ಸುತ್ತ ಬೆಳೆದ ಕಟ್ಟುಪಾಡುಗಳಲ್ಲಿ. ಹುಂಡಿ ಕಳೆದುಹೋದರೆ ‘ಪೈಠ್’ ಎಂಬ ಎರಡನೆಯ ಪ್ರತಿ, ಅದೂ ಕಳೆದರೆ ‘ಪರಪೈಠ್’ ಎಂಬ ಮೂರನೆಯ ಪ್ರತಿ ದೊರೆಯುತ್ತಿತ್ತು. ಶಾಹಜೋಗ ಹುಂಡಿಯ ಹಣವನ್ನು ಪೇಟೆಯಲ್ಲಿ ಹೆಸರುವಾಸಿಯಾದ ‘ಶಾಹ’ನಿಗೆ ಮಾತ್ರ ಕೊಡಬೇಕಾಗಿತ್ತು, ಮುಂದೆ ಆ ಹುಂಡಿ ಕಳವಿನದು ಅಥವಾ ಕೃತಕವೆಂದು ತಿಳಿದುಬಂದರೆ ಹಣ ಹಿಂದಿರುಗಿಸುವ ಹೊಣೆ ಅವನದು. ಹುಂಡಿ ಅಮಾನ್ಯವಾದರೆ ಮತ್ತೊಬ್ಬ ಗಣ್ಯ ವರ್ತಕನು ಅದನ್ನು ವಹಿಸಿಕೊಳ್ಳುವಂತೆ ಮೊದಲೇ ‘ಜಿಕ್ರಿ ಚಿಟ್ಟಿ’ ಬರೆದುಕೊಡುವ ರೂಢಿಯೂ ಇತ್ತು. ವ್ಯವಹಾರ ಕೆಟ್ಟರೆ ಯಾರ ಬಾಗಿಲಿಗೆ ಹೋಗಬೇಕೆಂಬುದು ಹಣ ಕೊಡುವ ಮುನ್ನವೇ ನಿಶ್ಚಯವಾಗಿರುತ್ತಿತ್ತು ಎಂಬುದು ಇಲ್ಲಿ ಗಮನಾರ್ಹ.

ಈ ಪದ್ಧತಿಯನ್ನು ಬೆಳೆಸಿದವರಲ್ಲಿ ಜೈನ ವರ್ತಕರ ಪಾತ್ರ ದೊಡ್ಡದು. 1586ರಲ್ಲಿ ಜನಿಸಿದ ಬನಾರಸೀದಾಸರು 1641ರಲ್ಲಿ ರಚಿಸಿದ ‘ಅರ್ಧಕಥಾನಕ’ವು ಮೊಗಲರ ಕಾಲದ ಜೈನ ವ್ಯಾಪಾರಿಯೊಬ್ಬರ ಲಾಭನಷ್ಟಗಳ ನಿಸ್ಸಂಕೋಚ ಕಥನ. ಮುಂದೆ ಮುರ್ಷಿದಾಬಾದಿನ ಜಗತ್‌ಸೇಠರ ಮನೆತನವು ಈ ವೃತ್ತಿಯ ಶಿಖರವನ್ನೂ ಅದರ ಅಪಾಯವನ್ನೂ ಒಟ್ಟಿಗೆ ತೋರಿಸಿತು. ಮಾರವಾಡದ ನಾಗೌರಿನಿಂದ ಪಾಟ್ನಾಕ್ಕೆ ಬಂದ ಹೀರಾನಂದರ ವಂಶಜರಾದ ಈ ಓಸವಾಲರು ಬಂಗಾಳದ ಕಂದಾಯವನ್ನು ಹುಂಡಿಗಳ ಮೂಲಕ ದಿಲ್ಲಿಗೆ ತಲುಪಿಸುತ್ತಿದ್ದರು. ಹಣದ ಹಾದಿಯೆಲ್ಲ ಒಂದೇ ಮನೆಯ ಮೂಲಕ ಹಾಯತೊಡಗಿದಾಗ ಆ ಮನೆ ನವಾಬರನ್ನು ಏರಿಸುವ, ಇಳಿಸುವ ಶಕ್ತಿಯಾಯಿತು. 1757ರ ಪ್ಲಾಸಿ ಕದನದ ಹಿಂದಿನ ಒಳಸಂಚಿನಲ್ಲಿ ಪಾಲುಗೊಂಡ ಮಹತಾಬ್ ರಾಯ್ ಮತ್ತು ಸ್ವರೂಪ್‌ಚಂದರು 1763ರಲ್ಲಿ ಮೀರ್ ಕಾಸಿಮನಿಂದ ಹತರಾದರು. ಹಣದ ಕಾವಲುಗಾರನು ಹಣದ ಒಡೆಯನಂತೆ ವರ್ತಿಸತೊಡಗಿದರೆ ನಾಡಿಗೂ ಅವನಿಗೂ ಕ್ಷೇಮವಿಲ್ಲ.

ಇತರರ ಹಣವನ್ನು ಇಟ್ಟುಕೊಂಡವನ ದೋಷವನ್ನು ಜೈನಾಚಾರ್ಯರು ಬಹು ಸೂಕ್ಷ್ಮವಾಗಿ ಗುರುತಿಸಿದ್ದಾರೆ. ತತ್ತ್ವಾರ್ಥಸೂತ್ರವು ‘ನ್ಯಾಸಾಪಹಾರ’ವನ್ನು ಹೆಸರಿಸುವುದು ಅಚೌರ್ಯದ ಅತಿಚಾರಗಳಲ್ಲಲ್ಲ, ಸತ್ಯಾಣುವ್ರತದ ಅತಿಚಾರಗಳಲ್ಲಿ. ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವಿವರಣೆಯಂತೆ, ಹಣ ಇಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ತಿಳಿದೂ ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುವುದು ನ್ಯಾಸಾಪಹಾರ. ಇಲ್ಲಿ ಕಸಿದುಕೊಳ್ಳುವ ಕೃತ್ಯವಿಲ್ಲ. ಮತ್ತೊಬ್ಬನ ಅಜ್ಞಾನದ ಲಾಭ ಪಡೆಯುವ ಒಂದು ಮಾತು ಮಾತ್ರ ಇದೆ. ಸಣ್ಣಕ್ಷರದ ಕರಾರುಗಳ ಈ ಕಾಲದಲ್ಲಿ ಆ ಮಾತು ಇನ್ನಷ್ಟು ಅರ್ಥಪೂರ್ಣವಾಗಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಸರ್ಕಾರವೇ ಮಧ್ಯವರ್ತಿಯಾಗಿ ಬಂದಿತು. 1880ರಲ್ಲಿ ಅಂಚೆ ಇಲಾಖೆ ಮನಿಯಾರ್ಡರ್ ವ್ಯವಸ್ಥೆಯನ್ನು ಕೈಗೊಂಡಿತು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ ಚೆಕ್ಕು, ವಿನಿಮಯ ಪತ್ರಗಳಿಗೆ ನಿಯಮ ರೂಪಿಸಿದರೂ ದೇಶಭಾಷೆಗಳ ಪತ್ರಗಳ ವಿಷಯದಲ್ಲಿ ಸ್ಥಳೀಯ ರೂಢಿಯನ್ನು ಉಳಿಸಿತು, ಹುಂಡಿ ಬದುಕಿಕೊಂಡಿತು. ಪುಸ್ತಕ ತರಿಸಿಕೊಳ್ಳುವ ಓದುಗರಿಗೆ ಚಿರಪರಿಚಿತವಾದ ವಿ.ಪಿ.ಪಿ. ಪದ್ಧತಿಯಲ್ಲಿ ಅಂಚೆಯವನು ಕಟ್ಟು ಕೊಟ್ಟು ಹಣ ಪಡೆದು ಮಾರಾಟಗಾರನಿಗೆ ಕಳುಹಿಸುತ್ತಿದ್ದನು. ಅಲ್ಲಿ ಹಣ ಮುಳುಗುವ ಭಯವಿರಲಿಲ್ಲ. ಆದರೆ ಗ್ರಾಹಕನು ಕಟ್ಟನ್ನು ನಿರಾಕರಿಸಿದರೆ ಅಂಚೆವೆಚ್ಚದ ಹೊರೆ ಮಾರಾಟಗಾರನ ಮೇಲೆ ಬೀಳುತ್ತಿತ್ತು.

ಅಂತರಜಾಲದ ವ್ಯಾಪಾರ ಆರಂಭವಾದಾಗ ಸಣ್ಣ ವ್ಯಾಪಾರಿಗಳಿಗೆ ಕಾರ್ಡಿನ ಹಣ ಸ್ವೀಕರಿಸುವ ಸೌಲಭ್ಯವನ್ನು ನೇರವಾಗಿ ನೀಡಲು ಬ್ಯಾಂಕುಗಳು ಹಿಂಜರಿದವು. 2000ದಲ್ಲಿ ಆರಂಭವಾದ ಬಿಲ್‌ಡೆಸ್ಕ್, ಅದರ ಬೆನ್ನಲ್ಲೇ ಬಂದ ಸಿಸಿ ಅವೆನ್ಯೂ ಮೊದಲಾದ ಸಂಸ್ಥೆಗಳು ಆ ತೆರವನ್ನು ತುಂಬಿದವು. ಅನೇಕ ವ್ಯಾಪಾರಿಗಳ ಪರವಾಗಿ ಹಣ ಪಡೆದು, ತಮ್ಮ ಶುಲ್ಕ ಕಳೆದು, ಉಳಿದುದನ್ನು ಅವರಿಗೆ ಸಲ್ಲಿಸುವುದು ಇವುಗಳ ಕೆಲಸ. ನಡುವಿನ ದಿನಗಳಲ್ಲಿ ಆ ಹಣ ಯಾರದು, ಸಂಸ್ಥೆ ಮುಳುಗಿದರೆ ಅದರ ಗತಿಯೇನು ಎಂಬ ಹಳೆಯ ಪ್ರಶ್ನೆ ಮತ್ತೆ ಎದ್ದಿತು.

ರಿಸರ್ವ್ ಬ್ಯಾಂಕ್ 2009ರ ನವೆಂಬರ್ 24ರಂದು ನೀಡಿದ ನಿರ್ದೇಶನ ಅದಕ್ಕೆ ಉತ್ತರ ಕೊಡಲು ತೊಡಗಿತು. ಗ್ರಾಹಕರಿಂದ ಬಂದ ಹಣವನ್ನು ಬ್ಯಾಂಕಿನ ಪ್ರತ್ಯೇಕ ನೋಡಲ್ ಖಾತೆಯಲ್ಲಿಟ್ಟು, ನಿಗದಿತ ದಿನಗಳೊಳಗೆ ವ್ಯಾಪಾರಿಗೆ ಸಲ್ಲಿಸಬೇಕಾಯಿತು. 2020ರ ಮಾರ್ಚ್ 17ರ ಮಾರ್ಗಸೂಚಿ ಇನ್ನೂ ಮುಂದೆ ಹೋಯಿತು. ಹಣವನ್ನು ಮುಟ್ಟದೆ ಕೇವಲ ತಾಂತ್ರಿಕ ಹಾದಿ ಒದಗಿಸುವುದು ಗೇಟ್‌ವೇ; ಹಣವನ್ನು ಪಡೆದು ಹಂಚುವುದು ಅಗ್ರಿಗೇಟರ್ ಎಂದು ಅದು ಬೇರ್ಪಡಿಸಿತು. ಜನರು ಗೇಟ್‌ವೇ ಎನ್ನುವ ಸಂಸ್ಥೆಗಳಲ್ಲಿ ಹೆಚ್ಚಿನವು ಈ ಎರಡನೆಯ ವರ್ಗದವು. ಬ್ಯಾಂಕೇತರ ಅಗ್ರಿಗೇಟರ್‌ಗೆ ರಿಸರ್ವ್ ಬ್ಯಾಂಕಿನ ಅನುಮತಿ, ಅರ್ಜಿಯ ವೇಳೆಗೆ 15 ಕೋಟಿ ಮತ್ತು ಮುಂದೆ 25 ಕೋಟಿ ರೂಪಾಯಿಗಳ ನಿವ್ವಳ ಸಂಪತ್ತು, ವಾಣಿಜ್ಯ ಬ್ಯಾಂಕಿನಲ್ಲಿ ಎಸ್ಕ್ರೋ ಖಾತೆ ಇವು ಕಡ್ಡಾಯವಾದವು. ಸೇರಿಸಿಕೊಳ್ಳುವ ವ್ಯಾಪಾರಿಯ ಪೂರ್ವಾಪರ ವಿಚಾರಿಸುವ ಹೊಣೆಯೂ ಅದರ ಮೇಲೆ ಬಿದ್ದಿತು. ಶಾಹಜೋಗ ಹುಂಡಿಯ ‘ಶಾಹ’ ಹೊಸ ವೇಷದಲ್ಲಿ ಮರಳಿದಂತಾಯಿತು. 2025ರ ಸೆಪ್ಟೆಂಬರ್ 15ರ ನಿರ್ದೇಶನಗಳು ಅಂಗಡಿಯಲ್ಲಿ ಎದುರಾಎದುರು ನಡೆಯುವ ಪಾವತಿಗಳ ಮಧ್ಯವರ್ತಿಗಳನ್ನೂ ಇದೇ ಶಿಸ್ತಿಗೆ ಒಳಪಡಿಸಿದವು.

ಈ ಹಿನ್ನೆಲೆಯಲ್ಲಿ ಆಯ್ಕೆಯ ಕ್ರಮ ತಾನಾಗಿಯೇ ಸ್ಪಷ್ಟವಾಗುತ್ತದೆ. ಮೊದಲನೆಯದು, ಸಂಸ್ಥೆಗೆ ರಿಸರ್ವ್ ಬ್ಯಾಂಕಿನ ಅನುಮತಿಯಿದೆಯೇ ಎಂಬುದು. ಆ ಪಟ್ಟಿಯನ್ನು ರಿಸರ್ವ್ ಬ್ಯಾಂಕೇ ಪ್ರಕಟಿಸುತ್ತದೆ. ಎರಡನೆಯದು, ಹಣ ಎಷ್ಟು ದಿನಗಳಲ್ಲಿ ಕೈ ಸೇರುತ್ತದೆ, ಯಾವ ಕಾರಣಕ್ಕೆ ಅದನ್ನು ತಡೆಹಿಡಿಯಬಹುದು ಎಂಬುದು. ದಿನದ ದುಡಿಮೆಯಿಂದಲೇ ಮರುದಿನದ ಸರಕು ತರುವವನಿಗೆ ತಡೆದ ಹಣ ಕಳೆದುಹೋದ ಹಣಕ್ಕೆ ಸಮಾನ. ಮೂರನೆಯದು, ಗ್ರಾಹಕನು ಕಾರ್ಡಿನ ಪಾವತಿಯನ್ನು ವಿವಾದಕ್ಕೊಳಪಡಿಸಿದರೆ ಯಾರು ಉತ್ತರಿಸಬೇಕು, ದೂರು ಕೇಳಲು ಮನುಷ್ಯನೊಬ್ಬನು ದೊರೆಯುತ್ತಾನೆಯೇ ಎಂಬುದು. ಇಂದಿನ ಜಿಕ್ರಿ ಚಿಟ್ಟಿ ಇದೇ.

ಶುಲ್ಕದ ಪ್ರಶ್ನೆ ಇವುಗಳ ನಂತರ ಬರತಕ್ಕದ್ದಾದರೂ ಅದು ಕ್ಷುಲ್ಲಕವಲ್ಲ. ಸಾವಿರ ರೂಪಾಯಿಗೆ ಶೇಕಡಾ 2ರ ಶುಲ್ಕವೆಂದರೆ 20 ರೂಪಾಯಿ. ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ ಅನ್ವಯಿಸಿದರೆ ಅದೂ ಸೇರಿ 23 ರೂಪಾಯಿ 60 ಪೈಸೆ. ವ್ಯಾಪಾರಿಯ ಲಾಭ ನೂರು ರೂಪಾಯಿಯಾಗಿದ್ದರೆ ಅದರ ಕಾಲುಭಾಗದಷ್ಟು ಹುಂಡಾವಣಕ್ಕೇ ಹೋಯಿತು. 2016ರ ಏಪ್ರಿಲ್ 11ರಂದು ಆರಂಭವಾದ ಯುಪಿಐ ಈ ಲೆಕ್ಕವನ್ನು ಬದಲಿಸಿತು. 2020ರ ಜನವರಿ 1ರಿಂದ ಯುಪಿಐ ಹಾಗೂ ರುಪೇ ಡೆಬಿಟ್ ಕಾರ್ಡುಗಳ ಮೇಲಿನ ವ್ಯಾಪಾರಿ ಶುಲ್ಕ ರದ್ದಾಯಿತು. ಆದರೂ ಅಗ್ರಿಗೇಟರ್ ತನ್ನ ಸೇವೆಗೆ ಬೇರೆ ಹೆಸರಿನಲ್ಲಿ ಶುಲ್ಕ ಕೇಳಬಹುದಾದ್ದರಿಂದ ಕರಾರನ್ನು ಓದುವುದು ತಪ್ಪದು. ಬೆರಳೆಣಿಕೆಯ ಪರಿಚಿತ ಗ್ರಾಹಕರುಳ್ಳವನಿಗೆ ಬ್ಯಾಂಕು ನೀಡುವ ಕ್ಯೂಆರ್ ಫಲಕವೇ ಸಾಲಬಹುದು. ಅಂಥವನು ಗೇಟ್‌ವೇಯ ಮೋಹಕ್ಕೆ ಬೀಳಬೇಕಾಗಿಲ್ಲ.

ಕೊನೆಯದಾಗಿ, ಈ ಸರಪಣಿಯಲ್ಲಿ ವ್ಯಾಪಾರಿಯೂ ಒಂದು ಕೊಂಡಿ ಎಂಬುದನ್ನು ಮರೆಯಲಾಗದು. ಮುಂಗಡವಾಗಿ ಹಣ ಪಡೆದ ಕ್ಷಣದಿಂದ ಸರಕು ತಲುಪುವವರೆಗೆ ಆ ಹಣ ಅವನ ಬಳಿ ಇರುವ ನ್ಯಾಸವೇ. ಹಿಂದಿರುಗಿಸಬೇಕಾದ ಹಣವನ್ನು ಗ್ರಾಹಕ ಕೇಳಲು ಮರೆತನೆಂದು ಉಳಿಸಿಕೊಂಡರೆ, ಪೂಜ್ಯಪಾದರು ಸೂಚಿಸಿದ ದೋಷ ಅಲ್ಲಿಯೂ ತಗಲುತ್ತದೆ. ಮಧ್ಯವರ್ತಿಯಿಂದ ಶುದ್ಧವಾದ ಲೆಕ್ಕವನ್ನು ಅಪೇಕ್ಷಿಸುವವನು ಅದೇ ಲೆಕ್ಕವನ್ನು ತನ್ನ ಗ್ರಾಹಕನಿಗೆ ಕೊಡಬೇಕಾದವನು.