ರೀತ್, ಜಾನ್

1889-1971. ಬಿಬಿಸಿಯ ಮೊದಲ ಮಹಾನಿರ್ದೇಶಕ. ರೇಡಿಯೊ ವ್ಯಾಪಾರದ ಸರಕೂ ಆಗಬಾರದು, ಸರ್ಕಾರದ ತುತ್ತೂರಿಯೂ ಆಗಬಾರದು ಎಂಬ ನಿಲುವಿಗೆ ಸಂಸ್ಥೆಯ ರೂಪ ಕೊಟ್ಟವ.

ಹುಟ್ಟಿದ್ದು ಸ್ಕಾಟ್ಲೆಂಡಿನ ಸ್ಟೋನ್‌ಹೇವನ್‌ನಲ್ಲಿ, ಜುಲೈ 20ರಂದು. ತಂದೆ ಪಾದ್ರಿ. ಮನೆಯಲ್ಲಿ ಕಲಿತ ಧರ್ಮನಿಷ್ಠೆ ಈತನನ್ನು ಕೊನೆಯವರೆಗೂ ಬಿಡಲಿಲ್ಲ. ಗ್ಲಾಸ್ಗೊದ ರೈಲ್ವೆ ಎಂಜಿನ್ ಕಾರ್ಖಾನೆಯಲ್ಲಿ ತರಬೇತಿ ಪಡೆದು ಎಂಜಿನಿಯರ್ ಆದ. ಮೊದಲ ಮಹಾಯುದ್ಧದಲ್ಲಿ ತಗುಲಿದ ಗುಂಡಿನ ಕಲೆ ಕೆನ್ನೆಯ ಮೇಲೆ ಉಳಿಯಿತು.

1922ರಲ್ಲಿ ರೇಡಿಯೊ ತಯಾರಕರು ಸೇರಿ ಬ್ರಿಟಿಷ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಕಟ್ಟಿದರು. ಪ್ರಸಾರವೆಂದರೇನೆಂದು ತಿಳಿಯದಿದ್ದರೂ ರೀತ್ ಜಾಹೀರಾತು ನೋಡಿ ಅರ್ಜಿ ಹಾಕಿದ. ಆಯ್ಕೆ ಮಾಡುವಾತ ಅಬರ್ಡೀನ್ ಕಡೆಯವನೆಂದು ಆಮೇಲೆ ಗೊತ್ತಾಗಿ, ಅಂಚೆ ಪೆಟ್ಟಿಗೆಗೆ ಹಾಕಿದ್ದ ಅರ್ಜಿಯನ್ನು ಹೊರತೆಗೆಸಿ, ಆ ಊರಿನೊಂದಿಗೆ ತನಗಿರುವ ನಂಟನ್ನೂ ಸೇರಿಸಿ ಮತ್ತೆ ಬರೆದ. ವರ್ಷದ ಕೊನೆಗೆ ಜನರಲ್ ಮ್ಯಾನೇಜರ್ ಆದ.

ಕೇಳುಗರು ವರ್ಷಕ್ಕೆ ಕಟ್ಟುತ್ತಿದ್ದ 10 ಷಿಲಿಂಗ್ ಲೈಸೆನ್ಸ್ ಶುಲ್ಕವೇ ಪ್ರಸಾರದ ಮುಖ್ಯ ಆಧಾರವಾಯಿತು, ಜಾಹೀರಾತಿಗೆ ಜಾಗವಿರಲಿಲ್ಲ. ಮಾಹಿತಿ, ಶಿಕ್ಷಣ, ಮನರಂಜನೆ ಮೂರನ್ನೂ ದೇಶದ ಪ್ರತಿ ಮನೆಗೂ ತಲುಪಿಸಬೇಕೆಂಬುದು ಈತನ ಗುರಿ. ಜನ ಕೇಳಿದ್ದನ್ನಷ್ಟೇ ಕೊಡದೆ, ಅವರಿಗೆ ಒಳ್ಳೆಯದೆಂದು ತನಗೆ ತೋರಿದ್ದನ್ನು ಕೊಡಬೇಕೆಂದು ನಂಬಿದ್ದ.

1926ರ ಮೇ ತಿಂಗಳ ಸಾರ್ವತ್ರಿಕ ಮುಷ್ಕರ ಈ ವ್ಯವಸ್ಥೆಯನ್ನು ಒರೆಗೆ ಹಚ್ಚಿತು. ಬಹುತೇಕ ಪತ್ರಿಕೆಗಳು ನಿಂತಾಗ ಜನ ಸುದ್ದಿಗೆ ರೇಡಿಯೊವನ್ನೇ ನೆಚ್ಚಿದರು. ಬಿಬಿಸಿಯನ್ನು ಸರ್ಕಾರ ವಶಪಡಿಸಿಕೊಳ್ಳಬೇಕೆಂದು ಚರ್ಚಿಲ್ ಪಟ್ಟು ಹಿಡಿದ. ಪ್ರಧಾನಿ ಬಾಲ್ಡ್‌ವಿನ್ ಒಪ್ಪಲಿಲ್ಲ. ಕಾರ್ಮಿಕ ಸಂಘಟನೆಯ ಹೇಳಿಕೆಗಳು ವಾರ್ತೆಯಲ್ಲಿ ಬಂದವಾದರೂ, ಲೇಬರ್ ನಾಯಕ ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡ್‌ಗೆ ಮಾತಾಡಲು ಅವಕಾಶ ಸಿಗಲಿಲ್ಲ. ಸ್ವಾತಂತ್ರ್ಯ ಉಳಿಯಿತು, ನಿಷ್ಪಕ್ಷಪಾತಕ್ಕೆ ಪೆಟ್ಟು ಬಿತ್ತು.

1927ರ ಜನವರಿ 1ರಂದು ಕಂಪನಿ ಹೋಗಿ ರಾಜಸನ್ನದಿನ ನಿಗಮ ಬಂತು. ಮಹಾನಿರ್ದೇಶಕನಾದ ರೀತ್ 1932ರಲ್ಲಿ ಸಾಗರೋತ್ತರ ಪ್ರಸಾರಕ್ಕೂ 1936ರಲ್ಲಿ ಟೆಲಿವಿಷನ್‌ಗೂ ಚಾಲನೆ ಕೊಟ್ಟ. ಆಡಳಿತ ಮಾತ್ರ ಕಟ್ಟುನಿಟ್ಟು: ಭಾನುವಾರ ಹಗುರ ಕಾರ್ಯಕ್ರಮಗಳಿಗೆ ತಡೆ, ವಿಚ್ಛೇದನದ ಪ್ರಕರಣದಲ್ಲಿ ಸಿಲುಕಿದ ಮುಖ್ಯ ಎಂಜಿನಿಯರ್ ಪೀಟರ್ ಎಕರ್ಸ್‌ಲಿ 1929ರಲ್ಲಿ ಹುದ್ದೆ ಬಿಡಬೇಕಾಯಿತು. 1938ರಲ್ಲಿ ರೀತ್ ಇಂಪೀರಿಯಲ್ ಏರ್‌ವೇಸ್‌ಗೆ ಹೋದ. ಯುದ್ಧಕಾಲದಲ್ಲಿ ಮಂತ್ರಿಯೂ ಆದ. ವಾಣಿಜ್ಯ ಟೆಲಿವಿಷನ್ನನ್ನು 1952ರಲ್ಲಿ ಲಾರ್ಡ್ಸ್ ಸಭೆಯಲ್ಲಿ ಕಟುವಾಗಿ ವಿರೋಧಿಸಿದ. 1971ರ ಜೂನ್ 16ರಂದು ಎಡಿನ್‌ಬರೊದಲ್ಲಿ ತೀರಿಕೊಂಡ. ಮರಣಾನಂತರ ಪ್ರಕಟವಾದ ದಿನಚರಿಗಳಲ್ಲಿ ಹಿಟ್ಲರನ ಬಗ್ಗೆ ಕಂಡ ಮೆಚ್ಚುಗೆ ಈತನ ಹೆಸರಿಗೆ ಮಸಿ ಬಳಿಯಿತು.

ಈತನ ಗೌರವಾರ್ಥ 1948ರಲ್ಲಿ ಬರ್ಟ್ರಂಡ್ ರಸೆಲ್‌ನಿಂದ ಆರಂಭವಾದ ರೀತ್ ಉಪನ್ಯಾಸಮಾಲೆ ಇಂದಿಗೂ ನಡೆದಿದೆ. ಭಾರತದ ಪ್ರಸಾರಕ್ಕೂ ಬಿಬಿಸಿಯ ನಂಟಿದೆ: ಅಲ್ಲಿಂದ ಬಂದ ಲಯೊನೆಲ್ ಫೀಲ್ಡನ್ 1935ರಲ್ಲಿ ಭಾರತದ ಮೊದಲ ಪ್ರಸಾರ ನಿಯಂತ್ರಕನಾದ. ಮರುವರ್ಷ ಇಲ್ಲಿನ ಸೇವೆಗೆ ಆಲ್ ಇಂಡಿಯಾ ರೇಡಿಯೊ ಎಂದು ಹೆಸರಾಯಿತು. ಆದರೆ ಅದು ಬೆಳೆದದ್ದು ಸರ್ಕಾರಿ ಇಲಾಖೆಯಾಗಿ. ಪ್ರಸಾರ ಭಾರತಿ ಎಂಬ ಶಾಸನಬದ್ಧ ನಿಗಮದಡಿ ಅದು ಬಂದದ್ದು 1997ರಲ್ಲಿ.